ಮಾಣಿಕ್ಯವೇಲು ಮನೆಯ ಬಣ್ಣಗಳು

ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಆ ಮನೆಗೆ ಹೋಗಬೇಕಾದರೆ ಆಟೋದವರ ಹತ್ತಿರ 'ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ' ಎಂದು ಹೇಳಿ ಪ್ರಯೋಜನವಿಲ್ಲ. ಎನ್‌ಜಿಎಂಎ ಎಂದು ಚುಟುಕಾಗಿ ಹೇಳಿದರೂ ಅದೇ ಗತಿ. 'ಮೌಂಟ್ ಕಾರ್ಮೆಲ್ ಕಾಲೇಜಿನ ಹತ್ತಿರ' ಎಂದರೆ ಮಾತ್ರ ಮುಖ ಅರಳುತ್ತದೆ. ಮೀಟರಿಗೆ ಎಷ್ಟು ಸೇರಿಸಿ ಕೇಳಬಹುದೆಂಬ ಲೆಕ್ಕವೂ ಆ ಮುಖದಲ್ಲೇ ಕಾಣುತ್ತದೆ. ಒಮ್ಮೆ ಮಾತ್ರ, ತಲೆ ಪೂರ್ತಿ ನರೆತ ಚಾಲಕರೊಬ್ಬರು ಕತ್ತು ಹೊರಳಿಸಿ, "ಮಾಣಿಕ್ಯವೇಲು ಬಂಗ್ಲೆ ತಾನೆ ಸಾರ್? ಹಂಗನ್ನಿ ಮತ್ತೆ" ಎಂದು ಹತ್ತಿಸಿಕೊಂಡರು. ಆ ಮನೆಯಲ್ಲಿ ಬಾಳಿದವರು ಅಲ್ಲಿಂದ ಎದ್ದುಹೋಗಿ ಅರ್ಧ ಶತಮಾನ ದಾಟಿದೆ. ಕೇಂದ್ರ ಸರ್ಕಾರದ ಫಲಕ ಗೇಟಿಗೆ ಬಂದೂ ಹದಿನೈದು ವರ್ಷದ ಮೇಲಾಯಿತು. ಆದರೂ ಊರಿನ ನಾಲಗೆಯ ಮೇಲೆ ಅದಿನ್ನೂ ಯಾರದೋ ಮನೆ.

ನನಗೂ ಅದು ಮನೆಯೇ. ಚಿತ್ರ ನೋಡಲು ಅಲ್ಲಿಗೆ ಹೋಗುತ್ತೇನೆ ಎಂದು ಹೇಳಿಕೊಳ್ಳುತ್ತೇನಾದರೂ ಅರ್ಧ ಆಸೆ ಆ ಮನೆಯೊಳಗೆ ಸುಮ್ಮನೆ ಓಡಾಡಿ ಬರುವುದರ ಮೇಲಿರುತ್ತದೆ. ಗೇಟು ದಾಟಿದ ಕೂಡಲೇ ರಸ್ತೆಯ ಹಾರನ್ನುಗಳು ನಿಲ್ಲುವುದಿಲ್ಲ, ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಸುಮಾರು ಮೂರೂವರೆ ಎಕರೆಯ ಆವರಣ, ದೊಡ್ಡ ಮರಗಳು, ಅವುಗಳ ನಡುವೆ ಎರಡಂತಸ್ತಿನ ಬಿಳಿಯ ಬಂಗಲೆ. ಇಪ್ಪತ್ತು ರೂಪಾಯಿಯ ಟಿಕೆಟ್ಟು ಕೊಂಡು, ಚೀಲವನ್ನು ಒಪ್ಪಿಸಿ, ಪೋರ್ಟಿಕೋ ಹಾಯ್ದು ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತೀರಿ. ಕಾರು ಬಂದು ನಿಲ್ಲಲಿ, ಇಳಿದವರಿಗೆ ಮಳೆ ತಾಕದಿರಲಿ ಎಂದು ಕಟ್ಟಿಸಿದ ಪೋರ್ಟಿಕೋ ಅದು. ನಡೆದು ಬಂದ ನಾವೂ ಅದರ ಕೆಳಗೆ ಒಂದು ಗಳಿಗೆ ನೆಂಟರಾಗುತ್ತೇವೆ. ಬೇರೆ ವಸ್ತುಸಂಗ್ರಹಾಲಯಗಳ ಬಾಗಿಲುಗಳು ಜನಜಂಗುಳಿಯನ್ನು ಎಣಿಸಿ ಇಟ್ಟವು. ಈ ಬಾಗಿಲು ಒಂದು ಕುಟುಂಬದ ಬಂಧುಬಳಗವನ್ನು ಎಣಿಸಿ ಇಟ್ಟದ್ದು.

ಮನೆಯ ಕಥೆ ದೊಡ್ಡದೇನಲ್ಲ. ಮೈಸೂರು ರಾಜಮನೆತನದ ಕೈಯಿಂದ ಇದನ್ನು ಕೊಂಡವರು ಮಾಣಿಕ್ಯವೇಲು ಮೊದಲಿಯಾರ್. ಬಡತನದಲ್ಲಿ ಹುಟ್ಟಿ, ಗಣಿಗಳನ್ನು ಗುತ್ತಿಗೆ ಹಿಡಿದು, ಮ್ಯಾಂಗನೀಸು ಮತ್ತು ಕ್ರೋಮಿನ ಅದಿರಿನಿಂದ ಸಿರಿ ಕಂಡವರು. ಮುಂದೆ ವ್ಯವಹಾರ ಇಳಿಮುಖವಾಯಿತು, ಮನೆ ಕೈಬಿಟ್ಟಿತು. 1960ರ ದಶಕದಲ್ಲಿ ಅದು ಸಿಐಟಿಬಿಯ ಪಾಲಾಯಿತು. ಈಗಿನ ಬಿಡಿಎಗೆ ಹಿಂದಿದ್ದ ಹೆಸರು ಅದು, ಹಳಬರು ಇಂದಿಗೂ ಸೈಟಿನ ಮಾತು ಬಂದರೆ ಸಿಐಟಿಬಿ ಎಂದೇ ಹೇಳುತ್ತಾರೆ. ಆಮೇಲೆ ಸರ್ಕಾರಿ ಆಸ್ತಿಗಳ ಹಣೆಬರಹವಿದ್ದಂತೆ ಆಯಿತು. 2000ದಲ್ಲಿ ಕೇಂದ್ರದ ಸಂಸ್ಕೃತಿ ಇಲಾಖೆಗೆ ಗುತ್ತಿಗೆಗೆ ಬಂದು, ದುರಸ್ತಿಯಾಗಿ, ಹಿತ್ತಲಿನಲ್ಲಿ ಹೊಸ ಕಟ್ಟಡವೊಂದನ್ನು ಜೊತೆಮಾಡಿಕೊಂಡು, 2009ರ ಫೆಬ್ರುವರಿ 18ರಂದು ಕಲಾ ಸಂಗ್ರಹಾಲಯವಾಗಿ ಬಾಗಿಲು ತೆರೆಯಿತು.

ಇದಕ್ಕೆ ಇಬ್ಬರು ಅಕ್ಕಂದಿರು. ಹಿರಿಯಕ್ಕ ದೆಹಲಿಯಲ್ಲಿ, ಜೈಪುರದ ಮಹಾರಾಜರ ಮನೆಯಾಗಿದ್ದ ಜೈಪುರ ಹೌಸಿನಲ್ಲಿ, 1954ರಿಂದ. ಇಂಡಿಯಾ ಗೇಟಿಗೆ ಎದುರಾಗಿ ಚಿಟ್ಟೆ ರೆಕ್ಕೆ ಹರಡಿದಂತೆ ಕಟ್ಟಿದ ಆ ಮನೆಯನ್ನು ಮನೆ ಎನ್ನಲು ಬಾಯಿ ಬರುವುದಿಲ್ಲ, ಅದು ಅರಮನೆ. ಎರಡನೆಯದು ಮುಂಬೈಯಲ್ಲಿ, ಕಾವಸ್‌ಜಿ ಜಹಾಂಗೀರ್ ಸಭಾಂಗಣದಲ್ಲಿ, 1996ರಿಂದ. ಭಾಷಣ, ಸಂಗೀತಗಳಿಗೆ ಕಟ್ಟಿದ ಸಾರ್ವಜನಿಕ ಭವನ ಅದು. ಮೂವರಲ್ಲಿ ಒಬ್ಬ ವ್ಯಾಪಾರಿ ತನ್ನ ಸಂಸಾರದೊಂದಿಗೆ ಬಾಳಿದ ಗೋಡೆಗಳಿರುವುದು ಕಿರಿಯಳಾದ ಇವಳಿಗೆ ಮಾತ್ರ. ಚಿತ್ರಗಳಿಗೆ ಇದರಿಂದ ಏನಾಗುತ್ತದೆ ಎಂಬುದು ನಾನು ಬಹಳ ಸಲ ಹೋಗಿಬಂದ ಮೇಲೆ ತಿಳಿದದ್ದು.

ನಾನು ಬೆಳೆದದ್ದು ತೊಟ್ಟಿಮನೆಯಲ್ಲಿ. ಮನೆಯ ಮುಖವೇ ಒಳಕ್ಕೆ ತಿರುಗಿದ್ದ ಮನೆ. ಬೀದಿಗೆ ಒಂದು ಜಗುಲಿ, ಎರಡು ಕಿಟಕಿ, ಅಷ್ಟೇ. ಬೆಳಕು, ಮಳೆ, ಹಪ್ಪಳ ಒಣಗಿಸುವುದು, ಜಗಳ, ಎಲ್ಲವೂ ನಡುವಿನ ತೊಟ್ಟಿಯಲ್ಲಿ. ಬಂಗಲೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಸುತ್ತ ಕಾಂಪೌಂಡು ಹಾಕಿಸಿಕೊಂಡು, ನಡುವೆ ತಾನು ನಿಂತು, ನಾಲ್ಕೂ ಕಡೆಗೆ ಕಿಟಕಿ ತೆರೆದು ತೋಟವನ್ನು ನೋಡುತ್ತದೆ. ಬ್ರಿಟಿಷರು ದಂಡು ಪ್ರದೇಶದಲ್ಲಿ ಕಟ್ಟಿಕೊಂಡ ಈ ಬಗೆಯನ್ನು ನಮ್ಮ ದಿವಾನರು, ವಕೀಲರು, ಗುತ್ತಿಗೆದಾರರು ಮೆಚ್ಚಿ ತಮ್ಮದಾಗಿಸಿಕೊಂಡರು. ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ಅದನ್ನೇ ಮೂವತ್ತು ನಲವತ್ತರ ಸೈಟಿಗೆ ಒಗ್ಗಿಸಿ, ತುಳಸಿಕಟ್ಟೆಗೂ ಜಾಗ ಮಾಡಿದರು. ಆ ವಂಶದ ದೊಡ್ಡ ಮನೆಗಳಲ್ಲಿ ಉಳಿದಿರುವುದು ಕೆಲವೇ ಕೆಲವು. ಮಿಕ್ಕವು ಅಪಾರ್ಟ್‌ಮೆಂಟುಗಳ ಹೆಸರುಗಳಲ್ಲಿ ಮಾತ್ರ ಬದುಕಿವೆ: ಇಂಥ ಎನ್‌ಕ್ಲೇವ್, ಅಂಥ ಮ್ಯಾನರ್.

ಹೀಗೆ ಹೊರಮುಖವಾದ ಮನೆಯಲ್ಲಿ ಚಿತ್ರ ನೇತುಹಾಕುವುದು ಮೇಲ್ನೋಟಕ್ಕೆ ಹುಚ್ಚುತನ. ಎಲ್ಲಿ ನೋಡಿದರೂ ಕಿಟಕಿ, ಗೋಡೆ ಕಡಿಮೆ. ಚಿತ್ರಕ್ಕೆ ಬಿಸಿಲು ಶತ್ರು, ಬೆಂಗಳೂರಿನ ತಣ್ಣನೆ ಬೆಳಕು ಕೂಡ. ಅದಕ್ಕೇ ಕಿಟಕಿಗಳನ್ನು ಮರೆಮಾಡಿ, ಗೋಡೆಗಳನ್ನು ಬಿಳಿಮಾಡಿ, ಮೇಲಿಂದ ಸಣ್ಣ ದೀಪ ಬಿಟ್ಟಿದ್ದಾರೆ. ಆದರೂ ಕೋಣೆಗಳ ಅಳತೆ ಅಳಿಸಲಾಗುವುದಿಲ್ಲವಲ್ಲ. ಇದು ಹಜಾರ, ಇದು ಊಟದ ಮನೆಯಿದ್ದಿರಬೇಕು, ಈ ಮಹಡಿ ಕೋಣೆಯಲ್ಲಿ ಯಾರೋ ಜ್ವರ ಬಂದು ಮಲಗಿರಬೇಕು ಎಂದು ಕಾಲಿಗೆ ತಿಳಿಯುತ್ತದೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಂಟು ಹತ್ತು ಹೆಜ್ಜೆ. ಹಿಂದಕ್ಕೆ ಸರಿದು ಸರಿದು ನೋಡಲು ಅವಕಾಶವಿಲ್ಲ. ಚಿತ್ರದ ಹತ್ತಿರವೇ ನಿಲ್ಲಬೇಕು. ಮನೆಯಲ್ಲಿ ಅಜ್ಜನ ಫೋಟೋ ಎದುರು ನಿಂತಂತೆ, ಮುಖಕ್ಕೆ ಮುಖ ಕೊಟ್ಟು.

ಹತ್ತಿರ ನಿಂತರೆ ಮೊದಲು ಕಾಣುವುದು ಕಥೆಯಲ್ಲ, ಬಣ್ಣ.

ಮಾಣಿಕ್ಯವೇಲು ಅವರು ತೆಗೆಸಿದ ಎರಡು ಅದಿರುಗಳ ವಿಚಾರ ನನ್ನ ತಲೆಗೆ ಬಂದದ್ದು ಹೀಗೊಂದು ಕ್ಯಾನ್ವಾಸಿನ ಹತ್ತಿರ ನಿಂತಾಗಲೇ. ಕ್ರೋಮ್ ಎಂಬ ಮಾತಿಗೆ ಗ್ರೀಕಿನಲ್ಲಿ ಬಣ್ಣ ಎಂದೇ ಅರ್ಥ. 1797ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೋಕ್ಲಾಂ, ಸೈಬೀರಿಯಾದಿಂದ ಬಂದ ಕೆಂಪು ಅದಿರಿನಲ್ಲಿ ಈ ಲೋಹವನ್ನು ಕಂಡ. ಅದು ಒಂದೊಂದರ ಜೊತೆ ಕೂಡಿದಾಗ ಒಂದೊಂದು ಬಣ್ಣ ಕೊಡುತ್ತಿತ್ತು: ಹಳದಿ, ಹಸಿರು, ಕಿತ್ತಳೆ. ಬಣ್ಣವೆಂದೇ ಹೆಸರಿಟ್ಟ. ಮಾಣಿಕ್ಯದ ಕೆಂಪಿಗೂ ಪಚ್ಚೆಯ ಹಸಿರಿಗೂ ಕಾರಣ ಇದೇ ಕ್ರೋಮಿಯಂ. ಮೊದಲಿಯಾರರ ಹೆಸರಿನಲ್ಲೇ ಮಾಣಿಕ್ಯ ಇತ್ತು ಎಂಬುದು ಕಾಕತಾಳೀಯ, ಆದರೆ ಎಂಥ ಕಾಕತಾಳೀಯ! ಇನ್ನು ಮ್ಯಾಂಗನೀಸು. ಉಕ್ಕಿನ ಕಾರ್ಖಾನೆಗೆ ಬೇಕಾದ ಕರಿಯ ಕಲ್ಲು ಎಂದು ನಮಗೆ ಅದರ ಪರಿಚಯ. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಎತ್ತು, ಕುದುರೆಗಳನ್ನು ಬಿಡಿಸಿದವರು ಕಪ್ಪಿಗಾಗಿ ಅದನ್ನೇ ಅರೆದರು. ಇವತ್ತಿಗೂ ಕಲಾಶಾಲೆಯ ಹುಡುಗರು ಅಂಗಡಿಗೆ ಹೋಗಿ 'ಬರ್ನ್ಟ್ ಅಂಬರ್ ಕೊಡಿ' ಎಂದು ಕೇಳುವ ಕಂದು ಟ್ಯೂಬಿನಲ್ಲಿ ಕಬ್ಬಿಣದ ಜೊತೆಗಿರುವುದು ಮ್ಯಾಂಗನೀಸೇ. ಕ್ರೋಮ್ ಯೆಲ್ಲೋ, ವಿರಿಡಿಯನ್ ಹಸಿರು, ಅಂಬರ್: ತೈಲಚಿತ್ರಕಾರನ ತಟ್ಟೆಯ ಅರ್ಧಭಾಗ. ಮೊದಲಿಯಾರರು ಉಕ್ಕಿನವರಿಗೆಂದು ಅಗೆಸಿದ್ದು, ಚಿತ್ರದವರ ಬಣ್ಣದ ಕಚ್ಚಾ ಸಾಮಗ್ರಿ. ಆ ದುಡ್ಡಿನಲ್ಲಿ ಕೊಂಡ ಮನೆಗೆ ಕೊನೆಗೆ ಚಿತ್ರಗಳೇ ಬಾಡಿಗೆಗೆ ಬಂದವು.

ಅಂದಿನಿಂದ ಈ ಮನೆಯನ್ನು ನಾನು ನೋಡುವುದೇ ಬಣ್ಣದ ಜಾಡು ಹಿಡಿದು. ಸಂಗ್ರಹದಿಂದ ಸರದಿಯ ಮೇಲೆ ಚಿತ್ರಗಳು ಗೋಡೆಗೆ ಬರುತ್ತವೆ, ಹೋಗುತ್ತವೆ. ಹೋದ ಸಲ ಕಂಡದ್ದು ಈ ಸಲ ಇರಬೇಕೆಂದಿಲ್ಲ. ಆದರೆ ಕೆಲವು ಹೆಸರುಗಳು ತಪ್ಪುವುದಿಲ್ಲ. ರವಿವರ್ಮ, ಠಾಕೂರ್ ಮನೆತನದವರು, ಜಾಮಿನಿ ರಾಯ್, ಅಮೃತಾ ಶೆರ್‌ಗಿಲ್.

ರವಿವರ್ಮನ ಮುಂದೆ ನಿಂತಾಗ ನನಗೆ ಮೊದಲು ನೆನಪಾಗುವುದು ನಮ್ಮಜ್ಜಿಯ ದೇವರ ಮನೆ. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ. ಕುಂಕುಮದ ಬೆರಳಚ್ಚುಗಳಿಂದ ಗಾಜು ಕೆಂಪಾಗಿತ್ತು. ಅದು ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಕಲ್ಲಚ್ಚಿನ ಪ್ರೆಸ್ಸಿನ ವಂಶಾವಳಿಯದು ಎಂದು ಅಜ್ಜಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಅಚ್ಚಿನಲ್ಲಿ ನೋಡಿ ನೋಡಿ ಸವೆದುಹೋದ ಕಣ್ಣಿಗೆ ಮೂಲ ತೈಲಚಿತ್ರ ಒಂದು ಏಟು ಕೊಡುತ್ತದೆ. ಅಚ್ಚಿನಲ್ಲಿ ಸೀರೆ ಬಣ್ಣ ಮಾತ್ರ. ತೈಲದಲ್ಲಿ ಅದು ಬಟ್ಟೆ: ಮಡಿಕೆಯ ಒಳಗಿನ ನೆರಳಿಗೆ ಕಂದು, ಅಂಚಿನ ಜರಿಗೆ ಹಳದಿಯ ಒಂದು ಚುಕ್ಕೆ, ಆ ಚುಕ್ಕೆಯ ಮೇಲೆ ಬಿಳಿಯ ಇನ್ನೊಂದು ಚುಕ್ಕೆ. ಐದು ಹೆಜ್ಜೆ ದೂರದಿಂದ ಜರಿ ಮಿಂಚುತ್ತದೆ, ಒಂದು ಹೆಜ್ಜೆ ಹತ್ತಿರದಿಂದ ಬರೀ ಎರಡು ಚುಕ್ಕೆ. ಕಿಳಿಮಾನೂರಿನ ಈ ರಾಜ ಎಣ್ಣೆಯಲ್ಲಿ ಕಲೆಸಿದ ಸೀಮೆಯ ಬಣ್ಣಗಳಿಂದ ನಮ್ಮ ದೇವತೆಗಳಿಗೆ ಮೈ ಕೊಟ್ಟ. ಮೈ ಬಂದ ಮೇಲೆ ದೇವತೆಗಳು ತುಸು ನಮ್ಮ ಸೋದರತ್ತೆಯರಂತೆ ಕಾಣತೊಡಗಿದರು. ಇದನ್ನು ಕೆಲವರು ದೋಷ ಎನ್ನುತ್ತಾರೆ. ನನಗೆ ಅದೇ ಇಷ್ಟ.

ಪಕ್ಕದ ಕೋಣೆಯವರಿಗೆ ಅದು ಇಷ್ಟವಿರಲಿಲ್ಲ. ಅವನೀಂದ್ರನಾಥ ಠಾಕೂರರು, ಅವರ ಶಿಷ್ಯ ನಂದಲಾಲ್ ಬೋಸರು ಎಣ್ಣೆಯ ಜಿಡ್ಡನ್ನೇ ಬಿಟ್ಟರು. ಕಾಗದದ ಮೇಲೆ ಬಣ್ಣ ಹಾಕಿ, ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಹಾಕಿ, ಮತ್ತೆ ಅದ್ದಿ. ಜಪಾನಿನವರಿಂದ ಕಲಿತು ತಮ್ಮದಾಗಿಸಿಕೊಂಡ ವಾಶ್ ಪದ್ಧತಿ ಅದು. ಬೆಳಗಿನ ಮಂಜಿನಲ್ಲಿ ಎದುರಿನ ಬೆಟ್ಟ ಕಾಣುವ ಹಾಗೆ ಚಿತ್ರ ಕಾಣುತ್ತದೆ. ನಿಜ ಹೇಳಬೇಕೆಂದರೆ ಈ ಮಂಜು ನನಗೆ ಬೇಗ ಸಾಕಾಗುತ್ತದೆ. ಮೂರು ಚಿತ್ರ ನೋಡಿದ ಮೇಲೆ ಯಾರಾದರೂ ಜೋರಾಗಿ ನಗಲಿ ಅನ್ನಿಸುತ್ತದೆ. ಆಗ ಅವನೀಂದ್ರರ ಅಣ್ಣ ಗಗನೇಂದ್ರನಾಥರು ನೆರವಿಗೆ ಬರುತ್ತಾರೆ. ಅವರ ವ್ಯಂಗ್ಯಚಿತ್ರಗಳೂ, ಬೆಳಕನ್ನು ಗಾಜಿನ ಚೂರುಗಳಂತೆ ಒಡೆದು ಜೋಡಿಸಿದ ಮನೆ, ಮೆಟ್ಟಿಲುಗಳ ಚಿತ್ರಗಳೂ.

ನಂದಲಾಲರ ಹೆಸರು ಬಂದಲ್ಲಿ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರರ ಎದುರು ನಂದಲಾಲರ ಜೊತೆಯಲ್ಲೇ ಕೂತು ಕಲಿತವರು ಮೈಸೂರಿನ ಕೆ. ವೆಂಕಟಪ್ಪ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ, ಬೌದ್ಧ ಪುರಾಣಕಥೆಗಳ ಬಗ್ಗೆ ಬರೆದ ಪುಸ್ತಕಕ್ಕೆ ಈ ಇಬ್ಬರು ಶಿಷ್ಯರೂ ಚಿತ್ರ ಬರೆದಿದ್ದಾರೆ. ಮುಂದೆ ವೆಂಕಟಪ್ಪನವರು ಆಸ್ಥಾನದ ಕಲಾವಿದರಾಗಿ ಮೈಸೂರಿಗೆ ಮರಳಿದರು, ಶೇಷಣ್ಣನವರಲ್ಲಿ ವೀಣೆ ಕಲಿತರು, ಮದುವೆಯಾಗಲಿಲ್ಲ, ಊಟಿಯ ಮೋಡಗಳನ್ನು ತಿಂಗಳುಗಟ್ಟಲೆ ಕಾದು ಬರೆದರು. ಅವರ ನೀಲಿಯನ್ನು ನೋಡಬೇಕಾದರೆ ಈ ಮನೆಯಿಂದ ಹೊರಟು ಕಸ್ತೂರಬಾ ರಸ್ತೆಯಲ್ಲಿರುವ ಅವರ ಹೆಸರಿನ ಗ್ಯಾಲರಿಗೆ ಹೋಗಬೇಕು. ಎರಡನ್ನೂ ಒಂದೇ ದಿನ ನೋಡಿ. ಮೊದಲು ಇಲ್ಲಿ ನಂದಲಾಲರನ್ನು, ಆಮೇಲೆ ಅಲ್ಲಿ ವೆಂಕಟಪ್ಪನವರನ್ನು. ಒಂದೇ ಗುರುವಿನ ಒಂದೇ ನೀರು ಒಬ್ಬರಲ್ಲಿ ಹೊಳೆಯಾಗಿ ಹರಿದದ್ದು, ಇನ್ನೊಬ್ಬರಲ್ಲಿ ಬಾವಿಯಾಗಿ ನಿಂತದ್ದು ತಾನಾಗಿ ತಿಳಿಯುತ್ತದೆ.

ಇನ್ನು ಜಾಮಿನಿ ರಾಯ್. ಈ ಮನೆಯಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಲ್ಲುವುದು ಇವರ ಮುಂದೆ.

ಬಂಗಾಳದ ಬಾಂಕುಡಾ ಜಿಲ್ಲೆಯ ಬೇಲಿಯಾತೋಡ್ ಎಂಬ ಹಳ್ಳಿಯಲ್ಲಿ 1887ರಲ್ಲಿ ಹುಟ್ಟಿದವರು. ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯಲ್ಲಿ ಸೀಮೆಯ ರೀತಿಯನ್ನು ಚೆನ್ನಾಗಿಯೇ ಕಲಿತು, ತೈಲದಲ್ಲಿ ದೊಡ್ಡವರ ಭಾವಚಿತ್ರ ಬರೆದು ಹೊಟ್ಟೆ ಹೊರೆದವರು. ಆಮೇಲೆ ಒಂದು ದಿನ ಸಾಕೆನಿಸಿರಬೇಕು. ಕಾಳಿಘಾಟಿನ ಪಟಚಿತ್ರಗಳ ಕಡೆ, ತನ್ನ ಹಳ್ಳಿಯ ಬೊಂಬೆಗಳ ಕಡೆ ಹೊರಳಿದರು. ಎಣ್ಣೆಬಣ್ಣದ ಟ್ಯೂಬುಗಳನ್ನು ಬದಿಗಿಟ್ಟು, ದೀಪದ ಮಸಿ, ಸುಣ್ಣದ ಬಿಳುಪು, ಹೊಳೆಯ ಮೆಕ್ಕಲು, ನೀಲಿ, ಕಾವಿ ಮುಂತಾದವನ್ನು ತೆಗೆದುಕೊಂಡರು. ಲೆಕ್ಕ ಹಾಕಿದರೆ ಏಳು ಬಣ್ಣ. ಅಂಟಿಗೆ ಹುಣಸೆ ಬೀಜ.

ಹುಣಸೆ ಬೀಜ ಎಂದು ಓದಿದ ಕ್ಷಣ ಆ ಚಿತ್ರಗಳಿಗೂ ನನಗೂ ನೆಂಟಸ್ತಿಕೆ ಆಗಿಹೋಯಿತು. ಚಳ್ಳಕೆರೆಯ ಕಡೆ ಕಂಬಳಿ ನೇಯುವವರು ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಅರೆದು, ಕುದಿಸಿ, ಆ ಸರಿಯನ್ನು ನೂಲಿಗೆ ಬಳಿಯುತ್ತಾರೆ. ಮೈಸೂರು ಶೈಲಿಯ ಚಿತ್ರಕಾರರು ಮೊದಲ ಗೆರೆ ಎಳೆಯಲು ಇಟ್ಟುಕೊಳ್ಳುತ್ತಿದ್ದದ್ದು ಸುಟ್ಟ ಹುಣಸೆ ಕಡ್ಡಿ. ಕಾಗದದ ಮೇಲೆ ಸಫೇದವೆಂಬ ಬಿಳಿಯ ಪುಡಿಯನ್ನೂ ಮಕ್ಕಿಯೆಂಬ ಹಳದಿಯನ್ನೂ ಅಂಟಿನಲ್ಲಿ ಕಲಸಿ ಉಬ್ಬು ಕಟ್ಟಿ, ಆಮೇಲೆ ಚಿನ್ನದ ರೇಕು ಕೂರಿಸುವುದು. ಬಾಂಕುಡಾಕ್ಕೂ ಮೈಸೂರಿಗೂ ನಡುವೆ ಎಷ್ಟು ದೂರವಿದ್ದರೂ ಎರಡೂ ಕಡೆ ಊರ ಹೊರಗೆ ಒಂದು ಹುಣಸೇ ಮರವಿತ್ತು. ಚಿತ್ರ ಬರೆಯುವವನು ಅದರ ಕೆಳಗೆ ಬಗ್ಗಿ ಏನನ್ನೋ ಹೆಕ್ಕುತ್ತಿದ್ದ.

ಜಾಮಿನಿ ರಾಯ್ ಬರೆದ ತಾಯಂದಿರನ್ನು ನೋಡಿ, ಡೋಲು ಬಡಿಯುವ ಸಂತಾಲರನ್ನು ನೋಡಿ. ಕಣ್ಣು ಮೀನಿನಂತೆ ಉದ್ದ, ಕೆಲವು ಸಲ ಮುಖದ ಗಡಿಯನ್ನೇ ದಾಟಿ ಆಚೆ ಹೋಗುತ್ತದೆ. ಪಾಪೆಯಿಲ್ಲದ ಕಣ್ಣೂ ಉಂಟು. ಒಂದೇ ಉಸಿರಿಗೆ ಹೆಗಲಿನಿಂದ ಮೊಣಕೈಗೆ ಇಳಿದ ಕಪ್ಪು ಗೆರೆ. ಎಲ್ಲಿ ದಪ್ಪ, ಎಲ್ಲಿ ಸಣ್ಣ ಎಂದು ನೋಡುತ್ತಾ ಹೋದರೆ ಕುಂಚ ಒತ್ತಿದ ಕೈ ಕಾಣುತ್ತದೆ. ನೆರಳಿಲ್ಲ, ದೂರವಿಲ್ಲ, ಹಿನ್ನೆಲೆಯಲ್ಲಿ ಬೆಟ್ಟ ಮೋಡಗಳ ಉಪಚಾರವಿಲ್ಲ. ರವಿವರ್ಮನ ದೇವತೆ ನೆಂಟರಂತೆ ಬಂದು ಕೂತರೆ, ಜಾಮಿನಿ ರಾಯರ ಹೆಂಗಸು ಹೊಸಿಲ ಮೇಲಿನ ರಂಗೋಲಿಯ ಹಾಗೆ ಚಪ್ಪಟೆಯಾಗಿ, ತನಗೆ ತಾನೇ ಸಾಕಾಗಿ ಇದ್ದುಬಿಡುತ್ತಾಳೆ. ಬಣ್ಣ ಒಣಗಿ ಮಂಕಾಗಿದೆ, ಎಣ್ಣೆಯ ಹೊಳಪಿಲ್ಲ. ಸುಣ್ಣ ಬಳಿದ ಗೋಡೆಯ ಮೇಲೆ ಕಾವಿ ಪಟ್ಟೆ ಎಳೆದಂತೆ. ಈ ಮಂಕಿಗೆ ಒಂದು ರುಚಿಯಿದೆ. ರಾಗಿಮುದ್ದೆಯ ರುಚಿ ಎಂದರೆ ನಗಬೇಡಿ. ನಾಲಗೆಗೆ ಥಟ್ಟನೆ ಸಿಗುವುದಿಲ್ಲ, ಆಮೇಲೆ ಬಿಡುವುದಿಲ್ಲ.

ಇನ್ನೊಂದು ಮಾತು. ಜಾಮಿನಿ ರಾಯ್ ಮನೆಯಲ್ಲೇ, ಮನೆಮಂದಿಯನ್ನೂ ಸೇರಿಸಿಕೊಂಡು, ಒಂದೇ ಚಿತ್ರವನ್ನು ಹಲವು ಸಲ ಬರೆದರು. ಸಾಧಾರಣ ಸಂಬಳದವರೂ ಕೊಳ್ಳಲಾಗುವ ಬೆಲೆಗೆ ಮಾರಿದರು. ಸಹಿಯ ಬೆಲೆ ಕಟ್ಟುವ ಕಲಾವ್ಯಾಪಾರಿಗಳಿಗೆ ಇದು ಇವತ್ತಿಗೂ ತಲೆನೋವು. ಅವರ ಚಿತ್ರಗಳು ಸೇರಬೇಕೆಂದು ಹೊರಟದ್ದು ಮನೆಗಳಿಗೆ. ಅರಮನೆ ರಸ್ತೆಯ ಈ ಕೋಣೆಯಲ್ಲಿ ಅವು ಅಷ್ಟು ನಿರಾಳವಾಗಿ ಕೂತಿರುವುದು ಅದಕ್ಕೇ ಇರಬೇಕು. ದೆಹಲಿಯ ಎತ್ತರದ ಗೋಡೆಗಳ ಮೇಲೆ ಇದೇ ಕೈಯ ಚಿತ್ರಗಳು ಸರ್ಕಾರಿ ಸಮಾರಂಭಕ್ಕೆ ಬಂದ ಹಳ್ಳಿಯವರಂತೆ ಕೈಕಟ್ಟಿ ನಿಂತದ್ದನ್ನು ಕಂಡಿದ್ದೇನೆ.

ಮಹಡಿಯ ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಕಟಾಂಜನದ ಮೇಲೆ ಹೋಗುತ್ತದೆ. ಎಷ್ಟು ಕೈಗಳು ಸವರಿ ನಯವಾಗಿರಬೇಕು. ಮಕ್ಕಳು ಇದರ ಮೇಲೆ ಜಾರದೆ ಇದ್ದಾರೆಯೆ? ಸಂಗ್ರಹಾಲಯಗಳಲ್ಲಿ ಏನನ್ನೂ ಮುಟ್ಟಬಾರದು. ಇಲ್ಲಿ ಮುಟ್ಟಬಹುದಾದ ಪುರಾತನ ವಸ್ತು ಇದೊಂದೇ.

ರವೀಂದ್ರನಾಥ ಠಾಕೂರರ ಚಿತ್ರಗಳನ್ನು ನೋಡುವಾಗ ಈ ರಸ್ತೆಯ ಸಂಗತಿ ತಿಳಿದಿದ್ದರೆ ಒಳ್ಳೆಯದು. ಇದೇ ಅರಮನೆ ರಸ್ತೆಯಲ್ಲಿ, ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಾಲಬ್ರೂಯಿ ಅತಿಥಿಗೃಹವಿದೆ. 1928ರಲ್ಲಿ ರವೀಂದ್ರರು ಬೆಂಗಳೂರಿಗೆ ಬಂದಾಗ ಅಲ್ಲಿ ಉಳಿದಿದ್ದರು. ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರ ಅತಿಥಿಯಾಗಿ. 'ಶೇಷೇರ್ ಕೊಬಿತಾ' ಕಾದಂಬರಿಯನ್ನು ಬರೆದು ಮುಗಿಸಿದ್ದು ಅಲ್ಲೇ ಎನ್ನುತ್ತಾರೆ. ಅರವತ್ತೇಳರ ಆ ಮುದುಕರಿಗೆ ಚಿತ್ರದ ಹುಚ್ಚು ಹತ್ತಿದ್ದ ದಿನಗಳೂ ಅವೇ. ಮೊದಮೊದಲು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸಿ ಹಕ್ಕಿ, ಹಾವು, ಹೆಸರಿಲ್ಲದ ಪ್ರಾಣಿಗಳನ್ನು ಮಾಡುತ್ತಿದ್ದರಂತೆ. ಬೇಡವಾದ ಮಾತಿಗೂ ಒಂದು ಮೈ ಸಿಗಲಿ ಎಂಬ ಕರುಣೆ. 1930ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನ. ಬದುಕು ಮುಗಿಯುವಷ್ಟರಲ್ಲಿ ಎರಡು ಸಾವಿರದ ಮೇಲೆ ಚಿತ್ರಗಳು.

ಗುರುದೇವ ಎಂದು ಕರೆಸಿಕೊಂಡವರ ಕೈಯಿಂದ ಬಂದ ಆ ಮುಖಗಳಲ್ಲಿ ಗುರುತ್ವವೇ ಇಲ್ಲ. ಕತ್ತಲಿನಿಂದ ಎದ್ದು ಬಂದ ಹೆಂಗಸಿನ ಮುಖ, ತುಸು ವಕ್ರ, ತುಟಿ ಬಿಗಿ; ಏನನ್ನೋ ಕೇಳಿ ತಿಳಿದುಕೊಂಡು ಹೇಳದೆ ಉಳಿದಂತೆ. ಬಣ್ಣ ಬಹುಪಾಲು ಬರೆಯುವ ಶಾಯಿ. ಕುಂಚ ಸಿಕ್ಕದಿದ್ದರೆ ಬೆರಳು, ಬಟ್ಟೆಯ ಚೂರು. ಅವರಿಗೆ ಕೆಂಪು ಸರಿಯಾಗಿ ಕಾಣುತ್ತಿರಲಿಲ್ಲ ಎಂದು ಅವರ ಚಿತ್ರಗಳ ಬಗ್ಗೆ ಬರೆದವರು ಹೇಳುತ್ತಾರೆ. ಅದನ್ನು ತಿಳಿದುಕೊಂಡು ಆ ಕಂದು, ಆ ಕೊಳೆತ ಎಲೆಯ ಹಳದಿ, ಆ ಕಪ್ಪುಗಳನ್ನು ನೋಡಿದರೆ ಬೇರೆ ಲೋಕದ ಸಂಜೆಯೊಂದನ್ನು ಕಿಟಕಿಯಿಂದ ಇಣುಕಿ ನೋಡಿದಂತೆ ಆಗುತ್ತದೆ. ಪದ್ಯಗಳಲ್ಲಿ ಅಷ್ಟು ಬೆಳಕು ಚೆಲ್ಲಿದವರು ಈ ಸಂಜೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರು? ಮಳೆ ಬರುವ ಮಧ್ಯಾಹ್ನ ಈ ಚಿತ್ರಗಳ ಮುಂದೆ ಒಬ್ಬರೇ ನಿಲ್ಲಬೇಡಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಕೆಂಪು ಬೇಕೆನಿಸಿದರೆ ಅಮೃತಾ ಶೆರ್‌ಗಿಲ್ ಇದ್ದಾಳೆ. ಏಕವಚನಕ್ಕೆ ಕ್ಷಮಿಸಿ, ಇಪ್ಪತ್ತೆಂಟಕ್ಕೇ ಸತ್ತವಳನ್ನು ಈ ವಯಸ್ಸಿನಲ್ಲಿ ಬಹುವಚನದಿಂದ ಕರೆಯಲು ನನಗೆ ಬರುವುದಿಲ್ಲ. 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದಳು, ತಂದೆ ಪಂಜಾಬಿನ ಸರದಾರ, ತಾಯಿ ಹಂಗೇರಿಯವಳು. ಪ್ಯಾರಿಸಿನಲ್ಲಿ ಕಲಿತು, ಇಲ್ಲಿಗೆ ಮರಳಿ, 1941ರಲ್ಲಿ ಲಾಹೋರಿನಲ್ಲಿ ತೀರಿಕೊಂಡಳು. ಆಕೆಯ ಗಂಡ, ತಂದೆ ಕೊಟ್ಟ ಚಿತ್ರಗಳೇ ದೆಹಲಿಯ ಸಂಗ್ರಹಾಲಯದ ಮೊದಲ ಬಂಡವಾಳಗಳಲ್ಲೊಂದು. ದೇಶದ ಕಲಾನಿಧಿ ಎಂದು ಘೋಷಿಸಿರುವುದರಿಂದ ಅವು ದೇಶ ಬಿಟ್ಟು ಮಾರಾಟಕ್ಕೆ ಹೋಗುವಂತಿಲ್ಲ.

1937ರಲ್ಲಿ ಅವಳು ದಕ್ಷಿಣಕ್ಕೆ ಬಂದಳು. ಅಜಂತಾ ನೋಡಿದಳು, ಕೊಚ್ಚಿಯ ಮಟ್ಟಂಚೇರಿಯಲ್ಲಿ ಅರಮನೆಯ ಭಿತ್ತಿಚಿತ್ರಗಳ ಮುಂದೆ ಕೂತಳು, ಕನ್ಯಾಕುಮಾರಿಯವರೆಗೆ ಹೋದಳು. ಮರಳಿ ಶಿಮ್ಲಾದಲ್ಲಿ ಕೂತು ಬರೆದ ಮೂರು ಚಿತ್ರಗಳಲ್ಲಿ ಒಂದು 'ಬ್ರಹ್ಮಚಾರಿಗಳು'. ಅದನ್ನು ನಾನು ನೋಡಿದ್ದು ದೆಹಲಿಯಲ್ಲಿ. ಐವರು, ಬರಿಮೈ, ಜನಿವಾರ, ಬಿಳಿಯ ಪಂಚೆ. ಹಿಂದೆ ನೆಲವೋ ಗೋಡೆಯೋ ತಿಳಿಯದ ಕಡುಗೆಂಪು. ಬಿಳಿ ಎಂದೆನಲ್ಲ, ಆ ಐದು ಪಂಚೆಗಳಲ್ಲಿ ಒಂದರ ಬಿಳುಪು ಇನ್ನೊಂದರ ಬಿಳುಪಲ್ಲ. ಒಂದರಲ್ಲಿ ಹಸಿರು ನೆರಳು, ಒಂದರಲ್ಲಿ ಬೂದಿ, ಒಂದರಲ್ಲಿ ಮಜ್ಜಿಗೆಯ ತಿಳಿ. ಹುಡುಗರ ಮೈಯ ಕಂದು ಕೂಡ ಹಾಗೆ; ಎಷ್ಟು ಬಗೆಯ ಮಣ್ಣು! ಎಣ್ಣೆಬಣ್ಣವನ್ನು ಅವಳು ರವಿವರ್ಮನಂತೆ ಮಿಂಚಿಸುವುದಿಲ್ಲ, ಗೋಡೆಗೆ ಗಾರೆ ಹಚ್ಚುವಂತೆ ಹಚ್ಚುತ್ತಾಳೆ. ತಿರುವನಂತಪುರದಲ್ಲಿ ರವಿವರ್ಮನ ಚಿತ್ರಗಳನ್ನು ಕಂಡು ಮೂಗು ಮುರಿದವಳು ಅವಳು. ಈಗ ಇಬ್ಬರೂ ಒಂದೇ ಸೂರಿನಡಿ. ರಾತ್ರಿ ದೀಪ ಆರಿದ ಮೇಲೆ ಯಾರು ಮೊದಲು ಮಾತಾಡಿಸುತ್ತಾರೋ.

ಬೆಂಗಳೂರಿನ ಈ ಕೋಣೆಗಳಲ್ಲಿ ಅವಳ ಕ್ಯಾನ್ವಾಸು ಸಿಕ್ಕ ದಿನ ನಾನು ನೋಡುವುದು ಕೈಗಳನ್ನು. ಅವಳ ಹೆಂಗಸರ ಕೈಗಳಿಗೆ ಕೆಲಸವಿರುವುದಿಲ್ಲ. ಮಡಿಲಲ್ಲಿ ಬಿದ್ದಿರುತ್ತವೆ, ಯಾರೋ ಇಟ್ಟು ಮರೆತ ಹಾಗೆ. ಕಣ್ಣು ಎಲ್ಲೋ. ಗಂಡಸರು ಮನೆಯಲ್ಲಿಲ್ಲದ ಹಗಲಿನಲ್ಲಿ, ಎರಡು ಕೆಲಸಗಳ ನಡುವೆ, ಹೆಂಗಸರು ಹೀಗೆ ಕೂತದ್ದನ್ನು ನಾನು ತೊಟ್ಟಿಯ ಅಂಚಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಚಿತ್ರದಲ್ಲಿ ಕಂಡಾಗಲೇ ಅದು ಕಂಡದ್ದು.

ಮುಂದಿನ ಭಾಗಕ್ಕೆ ಹಳೆಯ ಮನೆ ದಾಟಬೇಕು. ಹಿಂದೆ ಹೊಸದಾಗಿ ಕಟ್ಟಿದ ಗ್ಯಾಲರಿ, ಸುಮಾರು 1,260 ಚದರ ಮೀಟರಿನದು. ಗಾಜು, ಬಿಳಿ ಗೋಡೆ, ಉದ್ದನೆಯ ಜಾಗ. ಸ್ವಾತಂತ್ರ್ಯದ ಆಚೀಚೆಯ ಧೀರ ಕಲಾವಿದರು, ಆಮೇಲಿನವರು, ಈಗಿನವರು ಬರುವುದು ಇಲ್ಲಿ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬೈಗೆ ಹೋದ ಹೆಬ್ಬಾರರ ಗೆರೆ ಎದುರಾದರೆ ಯಕ್ಷಗಾನದ ಚೆಂಡೆಯೂ ಕೇಳಿಸುತ್ತದೆ. ದೊಡ್ಡ ಕ್ಯಾನ್ವಾಸುಗಳಿಗೆ ಹಿಂದೆ ಸರಿಯಲು ಇಲ್ಲಿ ಜಾಗವಿದೆ. ಅವಕ್ಕೆ ಅದು ಬೇಕು. ನನಗೆ ಮಾತ್ರ ಇಲ್ಲಿ ನಡಿಗೆ ಬೇಗ. ವಿಡಿಯೋ ಪರದೆಯ ಮುಂದೆ ಕತ್ತಲಲ್ಲಿ ಬೆಂಚಿನ ಮೇಲೆ ಕೂರುವುದು ಹಿತವೇ, ಆದರೆ ಹಿತವಾಗಿರುವುದು ಬೆಂಚು. ಇದು ನನ್ನ ಕಣ್ಣಿನ ಮಿತಿ ಎಂದು ಒಪ್ಪಿಕೊಳ್ಳುತ್ತೇನೆ, ತಿದ್ದಿಕೊಳ್ಳುವ ಭರವಸೆ ಕೊಡಲಾರೆ.

ಹಳೆಯದಕ್ಕೂ ಹೊಸದಕ್ಕೂ ನಡುವಿನ ಬಯಲಿನಲ್ಲಿ ಒಂದು ಕೊಳವಿದೆ. ಮರಗಳನ್ನು ಉಳಿಸಿಕೊಂಡೇ ಕಟ್ಟಿದ್ದರಿಂದ ಎಲೆಗಳು ಅದರೊಳಗೆ ಬೀಳುತ್ತವೆ. ಮೊದಲ ಸಲ ಬಂದಾಗ ಈ ನೀರನ್ನು ಅಲಂಕಾರ ಎಂದುಕೊಂಡಿದ್ದೆ. ಈಗ ಬೇರೆ ಅನ್ನಿಸುತ್ತದೆ. ಮಾಣಿಕ್ಯವೇಲು ಅವರ ಬಂಗಲೆ ಸುತ್ತಲೂ ಹೊರಗೆ ನೋಡುತ್ತಿದ್ದ ಮನೆ; ಅದರ ಬೆನ್ನಿಗೆ ಇನ್ನೊಂದು ಕಟ್ಟಡ ಬಂದದ್ದೇ ನಡುವಿನ ಜಾಗಕ್ಕೆ ಮೇಲೆ ಆಕಾಶ, ಕೆಳಗೆ ನೀರು, ಸುತ್ತ ಜನ ಒದಗಿದರು. ಬಂಗಲೆ ತನಗೆ ಗೊತ್ತಿಲ್ಲದೆಯೇ ತೊಟ್ಟಿಮನೆಯಾಗಿದೆ. ಕಟ್ಟಿದವರು ಹಾಗೆ ಯೋಚಿಸಿದರೋ ಇಲ್ಲವೋ, ಕಾಫಿ ಹಿಡಿದು ಕೊಳದ ಕಡೆಗೆ ಕೂತ ಯಾರನ್ನು ನೋಡಿದರೂ ತೊಟ್ಟಿಯ ಅಂಚಿನಲ್ಲಿ ಕೂರುವ ಗತ್ತಿನಲ್ಲೇ ಕೂತಿರುತ್ತಾರೆ, ಒಂದು ಕಾಲು ಮಡಿಸಿ.

ಒಂದು ದಿನ ನನ್ನ ಪಕ್ಕದಲ್ಲಿ ಕಲಾಶಾಲೆಯ ಹುಡುಗಿಯೊಬ್ಬಳು ನೀರಿನಲ್ಲಿ ಬಿದ್ದ ಮನೆಯ ನೆರಳನ್ನು ಬರೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ಬಣ್ಣದ ಬಿಲ್ಲೆಗಳು. ಕಂದು ಬಿಲ್ಲೆ ನಡುವೆ ಸವೆದು ಹಳ್ಳವಾಗಿತ್ತು. ಬಿಳಿ ಮನೆಯ ನೆರಳಿಗೆ ಕಂದೇಕೆ ಎಂದು ಕೇಳಬೇಕೆನಿಸಿತು. ನೋಡಿದರೆ ನೀರಿನಲ್ಲಿ ಮನೆ ಬಿಳಿ ಇರಲೇ ಇಲ್ಲ.

ಮುಚ್ಚುವ ಹೊತ್ತಾಗಿತ್ತು. ಕಾವಲಿನವರು ಮಹಡಿಯಿಂದ ಶುರುಮಾಡಿ ಒಂದೊಂದೇ ಕೋಣೆಯ ದೀಪ ಆರಿಸುತ್ತಾ ಕೆಳಗಿಳಿಯುತ್ತಿದ್ದರು, ರಾತ್ರಿ ಮಲಗುವ ಮುನ್ನ ಅಪ್ಪ ಅಗುಳಿ ನೋಡಿಕೊಂಡು ಬರುತ್ತಿದ್ದ ಕ್ರಮದಲ್ಲಿ. ನಮ್ಮ ಹತ್ತಿರ ಬಂದು, "ಸಾಕು ಕಣಮ್ಮ, ನಾಳೆ ಬಂದು ಬರೀವಂತೆ" ಎಂದರು. ಹುಡುಗಿ ಕುಂಚವನ್ನು ಕೊಳದಲ್ಲೇ ಅದ್ದಿ ತೊಳೆದಳು. ಅವರು ನೋಡಿಯೂ ನೋಡದವರಂತೆ ಮುಂದಿನ ಬಾಗಿಲಿಗೆ ಹೋದರು.